ಮೊದಲ ವರ್ಷ ಮುಗೀತು, ಏಳು ವಾರ ರಜೆ: ದುಡ್ಡು ಕೊಟ್ಟು ಇಂಟರ್ನ್‌ಶಿಪ್ ಮಾಡ್ಲಾ, ಊರಿಗೆ ಹೋಗ್ಲಾ?

ಬೆಟ್ಟದ_ಹಾದಿ
ಏಪ್ರಿಲ್ 22, ರಾತ್ರಿ 9:48

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು.

ನಾನು ಬೆಂಗಳೂರಲ್ಲಿ ಬಿಎಸ್ಸಿ ಮೊದಲ ವರ್ಷ, ಸಸ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ. ನಮ್ಮದು ಸ್ವಾಯತ್ತ ಕಾಲೇಜು, ಹಾಗಾಗಿ ಬೇರೆಯವರಿಗಿಂತ ಬೇಗ ಪರೀಕ್ಷೆ ಮುಗಿಯುತ್ತೆ. 26ಕ್ಕೆ ಕೊನೇ ಪೇಪರ್. ಮತ್ತೆ ಶುರುವಾಗೋದು ಜೂನ್ 16ಕ್ಕೆ. ಏಳು ವಾರ ಸಿಗುತ್ತೆ.

ಊರು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ, ಉತ್ತರ ಕನ್ನಡ. ಒಂದೂವರೆ ಎಕರೆ ಅಡಿಕೆ ತೋಟ. ಮನೇಲಿ ಅಪ್ಪ, ಅಮ್ಮ, ಅಜ್ಜಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಲ್ಲಿ ಬಂದ ಮೇಲೆ ಮೊದಲ ಸೆಮಿಸ್ಟರಲ್ಲಿ ಪಾಠ ಅರ್ಧಕ್ಕರ್ಧ ತಲೆಗೆ ಹತ್ತಲಿಲ್ಲ, ರಸಾಯನಶಾಸ್ತ್ರದಲ್ಲಿ 41 ಬಂತು. ಈಗ ಸ್ವಲ್ಪ ಸುಧಾರಿಸಿದೆ.

ರೂಮಲ್ಲಿರೋ ಮೂರೂ ಜನ ಒಂದು ತಿಂಗಳ ಆನ್‌ಲೈನ್ ಇಂಟರ್ನ್‌ಶಿಪ್‌ಗೆ ಸೇರ್ತಿದಾರೆ. 6,500 ರೂಪಾಯಿ ಕಟ್ಟಬೇಕು, ಕೊನೆಗೆ ಸರ್ಟಿಫಿಕೇಟ್ ಕೊಡ್ತಾರೆ. ಮೊದಲ ವರ್ಷದಿಂದಲೇ ರೆಸ್ಯೂಮೆ ತುಂಬಿಸದಿದ್ರೆ ಮೂರನೇ ವರ್ಷ ಯಾರೂ ಮೂಸಿ ನೋಡಲ್ಲ ಅಂತಾರೆ. ಅಪ್ಪನಿಗೆ ಕಳೆದ ಮಳೆಗಾಲದಿಂದ ಬಲಭುಜ ನೋವು, ಕೈ ತಲೆ ಮೇಲೆ ಎತ್ತೋಕೆ ಆಗಲ್ಲ. ಬಾ ಅಂತ ಒಂದು ಸಲವೂ ಹೇಳಿಲ್ಲ. ಫೋನ್ ಮಾಡಿದಾಗೆಲ್ಲ "ನೀ ನಿನ್ ಓದು ನೋಡ್ಕ" ಅಂತಾರೆ, ಅಷ್ಟೇ.

ನನಗೆ ಹೋಗೋ ಆಸೆ ಇದೆ. ಆದ್ರೆ ಹೋದ್ರೆ ಏಳು ವಾರ ಕೈಬಿಟ್ಟ ಹಾಗಾಗುತ್ತಾ, ಜೂನ್‌ನಲ್ಲಿ ಎಲ್ಲರೂ ಒಂದು ಹೆಜ್ಜೆ ಮುಂದೆ, ನಾನೊಬ್ಬಳೇ ಹಿಂದೆ ಅನ್ನೋ ಭಯ ನಿದ್ದೆ ಕೆಡಿಸ್ತಿದೆ. ತಿಳಿದವರು ಹೇಳಿ.


ಹೊಸಕೆರೆ_ದಂಡೆ
ಏಪ್ರಿಲ್ 22, ರಾತ್ರಿ 10:15

ದುಡ್ಡು ಕಟ್ಟಬೇಡಿ. ನಾನು ಎರಡು ವರ್ಷದ ಹಿಂದೆ ಇಂಥದ್ದೇ ಒಂದಕ್ಕೆ 4,000 ಕಟ್ಟಿದೆ. ವಾರಕ್ಕೆ ಎರಡು ರೆಕಾರ್ಡ್ ಮಾಡಿದ ವಿಡಿಯೋ ಕಳಿಸಿದ್ರು, ಕೊನೆಗೆ "ಪ್ರಾಜೆಕ್ಟ್" ಅಂತ ಒಂದು ಫೈಲ್ ಅವರೇ ಕೊಟ್ರು, ಹೆಸರು ಬದಲಿಸಿ ವಾಪಸ್ ಕಳಿಸೋದು. ಕಳಿಸಿದೆ. ಸರ್ಟಿಫಿಕೇಟ್ ಬಂತು. ಆಮೇಲೆ ಒಂದು ಸಂದರ್ಶನದಲ್ಲಿ "ಈ ಪ್ರಾಜೆಕ್ಟ್‌ನಲ್ಲಿ ನಿಮಗೆ ಕಷ್ಟ ಆಗಿದ್ದು ಯಾವುದು" ಅಂತ ಕೇಳಿದ್ರು. ಬಾಯಿ ಒಣಗಿ ಹೋಯ್ತು. ಕಷ್ಟ ಪಟ್ಟಿದ್ರೆ ತಾನೇ ಹೇಳೋಕೆ.

ಕೆಲಸ ಕೊಡುವವರು ನಮಗೆ ಕೊಡಬೇಕು, ನಾವು ಅವರಿಗಲ್ಲ.


ಪ್ರಯೋಗಶಾಲೆ_ಮೂಲೆ
ಏಪ್ರಿಲ್ 22, ರಾತ್ರಿ 11:02

ನಾನು ಬೆಂಗಳೂರಲ್ಲೇ ಒಂದು ಸಂಶೋಧನಾ ಪ್ರಯೋಗಶಾಲೆಯಲ್ಲಿದ್ದೀನಿ. ನಮ್ಮಲ್ಲಿಗೆ ಬೇಸಿಗೆಯಲ್ಲಿ ಬರುವ ವಿದ್ಯಾರ್ಥಿಗಳ ಅರ್ಜಿ ಮೊದಲು ನೋಡೋದು ನಾನೇ. ಮೊದಲ ವರ್ಷದವರು ತುಂಬಾ ಕಡಿಮೆ, ಅವರಿಂದ ಯಾರೂ ಏನೂ ನಿರೀಕ್ಷೆ ಮಾಡಲ್ಲ. ನೀವು ಯಾವ ಓಟದಲ್ಲೂ ಹಿಂದೆ ಬಿದ್ದಿಲ್ಲ.

ಒಂದು ವಿಷಯ ಮಾತ್ರ ಈಗಲೇ ಬರೆದಿಟ್ಟುಕೊಳ್ಳಿ. ಒಳ್ಳೆಯ ಬೇಸಿಗೆ ಸಂಶೋಧನಾ ಅವಕಾಶಗಳ ಅರ್ಜಿ ಬೇಸಿಗೆಯಲ್ಲಿ ಕರೆಯೋದಿಲ್ಲ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಹಿಂದಿನ ನವೆಂಬರ್ ಹೊತ್ತಿಗೇ ಅರ್ಜಿ ಹಾಕಿರಬೇಕು. ಏಪ್ರಿಲ್‌ನಲ್ಲಿ ಹುಡುಕಿದವರಿಗೆ ಸಿಗೋದು ದುಡ್ಡು ಕೇಳುವ ಜಾಹೀರಾತುಗಳೇ. ಈ ವರ್ಷದ ಅಕ್ಟೋಬರ್‌ನಲ್ಲಿ ಒಂದು ನೆನಪಿನ ಗಂಟೆ ಇಟ್ಟುಕೊಳ್ಳಿ, ಮುಂದಿನ ಬೇಸಿಗೆಗೆ.

ಅರ್ಜಿಯಲ್ಲಿ ಒಂದು ಪುಟ ನೀವೇ ಬರೆಯೋದಿರುತ್ತೆ. ಅಲ್ಲಿ ಬರೆಯೋಕೆ ಏನಾದರೂ ಬೇಕು. ಅದನ್ನು ಈ ಏಳು ವಾರದಲ್ಲಿ ಮಾಡಿ.


ಬ್ಯಾಡಗಿ_ಘಾಟು
ಏಪ್ರಿಲ್ 23, ಬೆಳಗ್ಗೆ 6:30

ತಂಗಿ, ನಾ ಹಾವೇರಿ ಜಿಲ್ಲಾದಾವ. ಬಿಎ ಮೊದಲ ವರ್ಷ ಮುಗದಾಗ ನನಗ ಈ ಪ್ರಶ್ನೆನ ಇರಲಿಲ್ಲ, ಯಾಕಂದ್ರ ಎರಡನೇ ವರ್ಷದ ಫೀ ನಾನ ತುಂಬಬೇಕಿತ್ತು. ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಒಂದು ಅಂಗಡ್ಯಾಗ ಚೀಲದ ಲೆಕ್ಕ ಬರಿಯೋ ಕೆಲಸ. ಮುಂಜಾನೆಯಿಂದ ಸಂಜೀತನಕ ಮೆಣಸಿನಕಾಯಿ ಘಾಟು, ಕಣ್ಣಾಗ ನೀರು. ರಾತ್ರಿ ಮೈ ತೊಳಕೊಂಡ್ರೂ ಅಂಗೈ ಉರಿ ಹೋಗ್ತಿರಲಿಲ್ಲ. ಒಂದೂವರೆ ತಿಂಗಳಾಗ ಮೆಣಸಿನಕಾಯ್ಯಾಗ ಡಬ್ಬಿ ತಳಿ ಯಾವುದು, ಕಡ್ಡಿ ತಳಿ ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳೂವಷ್ಟಾದ್ನಿ. ಫೀ ತುಂಬಿದ್ನಿ. ಅವ್ವಗ ಒಂದು ಸೀರಿ ತಂದ್ನಿ.

ಇಲ್ಲಿ ಎಲ್ಲಾರೂ "ಕಲಿ, ಕಲಿ" ಅನ್ನಾಕತ್ತಾರ. ಎಲ್ಲಾರ ಮನ್ಯಾಗೂ ತ್ವಾಟ ಇರಂಗಿಲ್ಲ, ರಜಾದಾಗ ಕುಂತು ಕಲಿಯಾಕ ಎಲ್ಲಾರಿಗೂ ಆಗಂಗಿಲ್ಲ. ದುಡದು ಫೀ ಕಟ್ಟೂ ಹುಡುಗರೂ ಇದನ್ನ ಓದ್ತಿರ್ತಾರ, ಅವರಿಗೂ ಹೇಳ್ತೀನಿ: ನೀವು ಮಾಡೂ ಕೆಲಸನೂ ಓದಿನಷ್ಟ ದೊಡ್ಡದು. ಅದನ್ನ ಮುಚ್ಚಿಟ್ಟುಕೊಳ್ಳಬ್ಯಾಡ್ರಿ. ನಾ ಮುಂದ ಬ್ಯಾಂಕ್ ಸಂದರ್ಶನದಾಗ ಹೇಳಿದ್ದು ಇದನ್ನ.

ನಿಮ್ಮಪ್ಪ ಬಾ ಅಂತ ಕರದಿಲ್ಲ ಅಂತ ಬರದೀ. ಅಪ್ಪಗೋಳು ಕರಿಯಂಗಿಲ್ಲವಾ. ಹೋಗು.


ನಿವೃತ್ತ_ಮೇಷ್ಟ್ರು
ಏಪ್ರಿಲ್ 23, ಮಧ್ಯಾಹ್ನ 3:20

ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು. ಸಿದ್ದಾಪುರ ಅಂತ ಓದಿದ ತಕ್ಷಣ ಕೂತು ಬರೆಯುತ್ತಿದ್ದೇನೆ. ಉದ್ದವಾದರೆ ಕ್ಷಮಿಸಮ್ಮ.

ನಿನ್ನ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿನ ಊರು ಇದೆ. ಅಲ್ಲಿ ಹರಿವ ನೀರಿನ ಬದಿಯಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗು ಇದೆ. ಕೆಸರಿನಿಂದ ಮಂಡಿ ಮಡಚಿದ ಹಾಗೆ ಬೇರು ಮೇಲೆದ್ದು ಉಸಿರಾಡುತ್ತದೆ. ಪಶ್ಚಿಮ ಘಟ್ಟದಲ್ಲಿ ಇಂಥ ಜೌಗುಗಳು ಈಗ ಚೂರು ಚೂರಾಗಿ ಮಾತ್ರ ಉಳಿದಿವೆ, ಬಹಳಷ್ಟು ಗದ್ದೆ ತೋಟಗಳಾಗಿ ಹೋದವು. ಗೇರಿನ ಕುಟುಂಬದ ಒಂದು ಮರ ಆ ಕಾನಿನಲ್ಲಿ ಸಿಕ್ಕಿ, 2000ದಲ್ಲಿ ಅದಕ್ಕೆ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಕತ್ತಲೆಕಾನು ಎಂಬ ನಮ್ಮ ಮಾತು ಲ್ಯಾಟಿನ್ ಹೆಸರಿನೊಳಗೆ ಕೂತಿದೆ. ನಿನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಊರಿನ ಹೆಸರು ಅದು. ಇದನ್ನು ಬೆಂಗಳೂರಿನ ತರಗತಿಯಲ್ಲಿ ಯಾರಾದರೂ ನಿನಗೆ ಹೇಳಿದ್ದಾರೋ ಇಲ್ಲವೋ.

ಸಸ್ಯಶಾಸ್ತ್ರ ಓದುವ ಹುಡುಗಿ ಮೇ ತಿಂಗಳಲ್ಲಿ ಮಲೆನಾಡಿಗೆ ಹೋದರೆ ಹಿಂದೆ ಬೀಳುತ್ತೇನೆ ಎಂದು ಹೆದರುವಂತಾಗಿದೆಯಲ್ಲ, ನನಗೆ ಬೇಸರವಾಯಿತು. ನಿನ್ನ ವಿಷಯ ಇರುವುದೇ ಅಲ್ಲಿ.

ಮಾಡಬೇಕಾದ್ದು ಹೇಳುತ್ತೇನೆ. ಮನೆಯ ಸುತ್ತ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ, ಹತ್ತು ಮರ ಆರಿಸಿಕೊ. ಹತ್ತೇ, ಹೆಚ್ಚು ಬೇಡ. ಪ್ರತಿ ಭಾನುವಾರ ಬೆಳಿಗ್ಗೆ ಅದೇ ಹತ್ತು ಮರದ ಬುಡಕ್ಕೆ ಹೋಗು. ಚಿಗುರೆಷ್ಟು, ಬಲಿತ ಎಲೆ ಎಷ್ಟು, ಮೊಗ್ಗು, ಹೂ, ಕಾಯಿ, ಹಣ್ಣು ಇದೆಯೇ ಇಲ್ಲವೇ, ಬರೆ. ಯಾವ ಹಕ್ಕಿ ಬಂದಿತ್ತು ಕಂಡರೆ ಅದನ್ನೂ ಬರೆ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಜನ ಹೀಗೇ ವಾರವಾರ ಮರ ನೋಡಿ ದಾಖಲಿಸುತ್ತಾರೆ, ಅಲ್ಲಿಯೂ ಸೇರಿಸಬಹುದು. ಹೆಸರು ಬರೆಯುವಾಗ ಮೊದಲು ಅಜ್ಜಿ ಹೇಳುವ ಹೆಸರು, ಆಮೇಲೆ ವೈಜ್ಞಾನಿಕ ಹೆಸರು. ಅಜ್ಜಿ ಅದರ ಎಲೆ, ತೊಗಟೆ, ಹಣ್ಣು ಯಾವುದಕ್ಕೆ ಬಳಸುತ್ತಿದ್ದರು ಎಂಬುದು ಮೂರನೆಯ ಸಾಲು. ನನ್ನ ತಾಯಿಯ ಹತ್ತಿರ ನಾನು ಇದನ್ನು ಕೇಳಲಿಲ್ಲ. ಈಗ ಕೇಳಲು ಅವರಿಲ್ಲ.

ಇಪ್ಪತ್ತು ಗಿಡಗಳ ಹರ್ಬೇರಿಯಂ, ಅಂದರೆ ಒಣಗಿಸಿ ಹಾಳೆಗೆ ಹಚ್ಚಿದ ಗಿಡಗಳ ಸಂಗ್ರಹ, ಮಾಡು. ನಿಮ್ಮ ಜಾಗದ್ದು ಮಾತ್ರ, ಮೀಸಲು ಅರಣ್ಯದಿಂದ ಒಂದೆಲೆಯನ್ನೂ ಕೀಳಬಾರದು, ಅದಕ್ಕೆ ಅನುಮತಿ ಬೇಕು. ಹಳೆ ಪತ್ರಿಕೆಯ ನಡುವೆ ಹರಡಿ, ಮೇಲೆ ಹಲಗೆ, ಅದರ ಮೇಲೆ ಕಲ್ಲು. ಮೊದಲ ನಾಲ್ಕೈದು ದಿನ ದಿನವೂ ಕಾಗದ ಬದಲಿಸಬೇಕು. ನಿಮ್ಮಲ್ಲಿ ಮೇ ಕೊನೆಗೆ ಗಾಳಿಯಲ್ಲೇ ನೀರಿರುತ್ತದೆ, ಬೂಸ್ಟು ಹಿಡಿಯುತ್ತದೆ. ಬಚ್ಚಲ ಒಲೆಯ ಹತ್ತಿರ, ಬಿಸಿ ತಾಗುವಷ್ಟು ದೂರದಲ್ಲಿ ಇಡು. ಒಣಗಿದ ಮೇಲೆ 42 ಸೆಂ.ಮೀ. ಉದ್ದ, 29 ಸೆಂ.ಮೀ. ಅಗಲದ ದಪ್ಪ ಹಾಳೆಗೆ ಹೊಲಿ. ಎಲ್ಲಿ, ಯಾವತ್ತು, ಯಾರು ಸಂಗ್ರಹಿಸಿದ್ದು ಎಂಬ ಚೀಟಿ ಕೆಳಗೆ ಬಲಮೂಲೆಯಲ್ಲಿ. ಚೀಟಿ ಇಲ್ಲದ ಗಿಡ ಬರೀ ಒಣಹುಲ್ಲು.

ಹೊಳೆಗೇರಿನ ಹತ್ತಿರ ಹುಷಾರು. ಅದರ ಸೊನೆ ತಾಗಿದರೆ ಮೈ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಅಜ್ಜಿಗೆ ಗೊತ್ತಿರುತ್ತದೆ, ತೋರಿಸಲು ಹೇಳು.

ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಗುರುತು ಹಿಡಿಯಲಾಗದ ಗಿಡಗಳನ್ನು ಒಂದು ದಿನ ಅಲ್ಲಿಗೆ ತೆಗೆದುಕೊಂಡು ಹೋಗಿ ವಿನಯದಿಂದ ಕೇಳು. ಗಿಡ ಕೈಯಲ್ಲಿ ಹಿಡಿದು ಬಂದ ಹುಡುಗಿಯನ್ನು ಯಾವ ಸಸ್ಯಶಾಸ್ತ್ರದ ಮೇಷ್ಟ್ರೂ ಬಾಗಿಲಿಂದ ವಾಪಸು ಕಳಿಸುವುದಿಲ್ಲ.


ತುಂಗೆಯ_ತಡಿ
ಏಪ್ರಿಲ್ 23, ಸಂಜೆ 7:11

ಮೇಷ್ಟ್ರು ಹೇಳಿದ್ದು ಕೇಳಿ ನನಗೇ ರಜೆ ಬೇಕು ಅನಿಸ್ತು. ಆದ್ರೆ ಒಬ್ಬ ಹೆಣ್ಣುಮಗಳಾಗಿ ಒಂದು ಮಾತು ಹೇಳಲೇಬೇಕು, ಇಲ್ಲಿ ಯಾರೂ ಹೇಳ್ತಿಲ್ಲ.

ನಾನೂ ತೀರ್ಥಹಳ್ಳಿ ಕಡೆಯವಳು. ಮೊದಲ ವರ್ಷ ಮುಗಿಸಿ ದೊಡ್ಡ ದೊಡ್ಡ ಯೋಚನೆ ಇಟ್ಟುಕೊಂಡು ಮನೆಗೆ ಹೋದೆ. ಮೇ ತಿಂಗಳು ಅಂದ್ರೆ ಮದುವೆ, ಉಪನಯನ, ನೆಂಟರು. ಹಲಸಿನ ಹಪ್ಪಳ, ಉಪ್ಪಿನಕಾಯಿ, ಮಳೆಗಾಲಕ್ಕೆ ಸೌದೆ. ಬೆಳಿಗ್ಗೆ ಎದ್ರೆ ಅಡುಗೆಮನೆ, ಮಧ್ಯಾಹ್ನ ಪಾತ್ರೆ, ಸಂಜೆ ಯಾರೋ ಬಂದ್ರು ಕಾಫಿ. "ಹೇಗೂ ಮನೇಲೇ ಇದಾಳಲ್ಲ" ಅನ್ನೋ ಮಾತು ದಿನಕ್ಕೆ ಹತ್ತು ಸಲ. ತಂದಿದ್ದ ಪುಸ್ತಕ ಬ್ಯಾಗಿಂದ ಆಚೆ ಬರಲಿಲ್ಲ. ಅದೇ ಮನೇಲಿ ನನ್ನ ಅಣ್ಣ ಕೋಣೆ ಬಾಗಿಲು ಹಾಕ್ಕೊಂಡು ಓದ್ತಿದ್ದ, ಯಾರೂ ಕರೀತಿರಲಿಲ್ಲ. ಹತ್ತು ವರ್ಷ ಆಯ್ತು, ಆ ಬೇಸಿಗೆ ನೆನೆದ್ರೆ ಈಗಲೂ ಗಂಟಲು ಕಟ್ಟುತ್ತೆ.

ಮನೆ ಕೆಲಸ ಮಾಡಬೇಡಿ ಅಂತಲ್ಲ. ಹೋದ ದಿನವೇ ಅಮ್ಮನ ಹತ್ತಿರ ಕೂತು ಮಾತಾಡಿ. ಬೆಳಿಗ್ಗೆ 6ರಿಂದ 9 ನನ್ನದು, ಆಮೇಲೆ ಏನು ಹೇಳಿದ್ರೂ ಮಾಡ್ತೀನಿ ಅಂತ ಒಪ್ಪಿಸಿ. ಮೊದಲ ದಿನ ಹೇಳಿದ್ರೆ ನಡೆಯುತ್ತೆ, ಹತ್ತನೇ ದಿನ ಹೇಳಿದ್ರೆ ಜಗಳ ಆಗುತ್ತೆ. ಜೊತೆಗೆ ತೋಟದ ಕೆಲಸವನ್ನೇ ಕೇಳಿ ತಗೊಳ್ಳಿ. ಅಪ್ಪನಿಗೆ ಭುಜ ನೋವಿದ್ರೆ ನಿಮಗೆ ಕಲಿಸೋಕೆ ಇದೇ ಕಾಲ. ಹುಡುಗಿ ಅಂತ ತೋಟದಿಂದ ಅಡುಗೆಮನೆಗೆ ತಳ್ಳೋಕೆ ಬಿಡಬೇಡಿ.


ಕೋಡಿಂಗ್_ಕಟ್ಟೆ
ಏಪ್ರಿಲ್ 23, ರಾತ್ರಿ 8:40

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ದುಡ್ಡು ಕೊಟ್ಟು ಸೇರಬೇಡಿ ಅನ್ನೋದು ಸರಿ. ಆದ್ರೆ ರೂಮಿನವರ ಭಯ ಪೂರ್ತಿ ಸುಳ್ಳಲ್ಲ. ಲೆಕ್ಕ, ಅಂಕಿ, ಕಂಪ್ಯೂಟರ್ ಬಾರದೆ ಈಗ ಜೀವವಿಜ್ಞಾನದಲ್ಲಿ ಎಂಎಸ್ಸಿ ಮಾಡೋದೂ ಕಷ್ಟ. ಎನ್‌ಪಿಟಿಇಎಲ್ ಪಾಠಗಳು ಐಐಟಿ, ಐಐಎಸ್‌ಸಿಯವರದ್ದು, ನೋಡೋಕೆ ದುಡ್ಡಿಲ್ಲ. ಅದರ ಪರೀಕ್ಷೆ ಬೇಕಿದ್ರೆ ಜುಲೈನಲ್ಲಿ ಶುರುವಾಗುವ ಸರಣಿಗೆ ನೋಂದಾಯಿಸಿ, ಪರೀಕ್ಷೆಗೆ ಮಾತ್ರ ಶುಲ್ಕ. ಈಗ ರಜೆಯಲ್ಲಿ ಹಳೆಯ ವಿಡಿಯೋ ನೋಡಿ. ಕೆಲವಕ್ಕೆ ಕನ್ನಡದ ಅಡಿಬರಹವೂ ಇದೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಎರಡೂ ಒಟ್ಟಿಗೆ ಕಾಣೋದು ದೊಡ್ಡ ಸಹಾಯ.

ಮೇಷ್ಟ್ರ ಹತ್ತು ಮರದ ಲೆಕ್ಕವನ್ನ ಪುಸ್ತಕದಲ್ಲಿ ಬರೆದು ಬಿಡಬೇಡಿ. ಸ್ಪ್ರೆಡ್‌ಶೀಟ್‌ಗೆ ಹಾಕಿ. ಒಂದು ಮರ ಒಂದು ದಿನ ಒಂದು ಸಾಲು. ಏಳು ವಾರ, ಹತ್ತು ಮರ, ಎಪ್ಪತ್ತು ಸಾಲು. ಅದರಿಂದ ಒಂದು ಗ್ರಾಫ್ ಬಿಡಿಸೋದು ನಾನು ಫೋನಲ್ಲಿ ಹೇಳಿಕೊಡ್ತೀನಿ, ಒಂದು ಗಂಟೆ ಸಾಕು. ಬೇರೆಯವರು ಕೊಟ್ಟ ಅಂಕಿಗಿಂತ ಸ್ವಂತ ಮರದ ಅಂಕಿ ಇಟ್ಕೊಂಡು ಕಲಿತಿದ್ದು ಮರೆಯಲ್ಲ.


ಅಯೋವಾ_ಅಮ್ಮ
ಏಪ್ರಿಲ್ 23, ರಾತ್ರಿ 11:55

ನಮ್ಮ ಅಕ್ಕನ ಮಗ ಧಾರವಾಡದಿಂದ ಬಂದು ಇಲ್ಲಿ ಅಮೆರಿಕದಲ್ಲಿ ಮೊದಲ ವರ್ಷ ಮುಗಿಸ್ತಿದ್ದಾನೆ. ಇದೇ ಚಡಪಡಿಕೆ ಇಲ್ಲೂ. ಇಲ್ಲಿ ರಜೆ ಇನ್ನೂ ಉದ್ದ, ಮೇ ಮಧ್ಯದಿಂದ ಆಗಸ್ಟ್ ಕೊನೆವರೆಗೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಮೊದಲ ವರ್ಷ ಕ್ಯಾಂಪಸ್ ಹೊರಗೆ ಕೆಲಸ ಮಾಡೋ ಹಾಗಿಲ್ಲ. ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ತಿ ಹೊತ್ತು ಮಾಡಬಹುದು. ಅವನು ಊಟದ ಹಾಲ್‌ನಲ್ಲಿ ತಟ್ಟೆ ತೊಳೆಯುವ ಕೆಲಸ ಹಿಡಿದಿದ್ದಾನೆ. ಮೊದಲು ಊರಲ್ಲಿ ಹೇಳಬೇಡ ಚಿಕ್ಕಮ್ಮ ಅಂದ, ಈಗ ತಾನೇ ಫೋನ್ ಮಾಡಿ ಅಮ್ಮನಿಗೆ ಹೇಳಿದ.

ಇಲ್ಲಿಂದ ಊರಿಗೆ ಹೋಗಿ ಬರೋಕೆ ಟಿಕೆಟ್ಟಿಗೆ ದುಡ್ಡಿಲ್ಲ ಅವನಿಗೆ. ನಿಮಗೆ ಒಂದು ರಾತ್ರಿ ಬಸ್ಸಲ್ಲಿ ಕೂತ್ರೆ ಅಜ್ಜಿ ಸಿಗ್ತಾರೆ. ಹೋಗಿ ಬಾ ಮಗಳೇ.


ಕೊನೆಗೌಡ್ರ_ಮನೆ
ಏಪ್ರಿಲ್ 24, ಬೆಳಗ್ಗೆ 5:50

ನಾನು ಶಿರಸಿ ಕಡೆ ಅಡಿಕೆ ಬೆಳೆಗಾರ. ಮೇ ಕೊನೆಗೆ ಮನೇಲಿದ್ರೆ ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯೋ ಹೊತ್ತು ಸರಿಯಾಗಿ ಸಿಗ್ತು ನಿಂಗೆ. ಮೊದಲ ಸುತ್ತು ಮಳೆ ಹಿಡಿಯೋದರೊಳಗೆ ಆಗಬೇಕು, ಎರಡನೇದು 40–45 ದಿನ ಬಿಟ್ಟು. ಅದು ತಪ್ಪಿದ್ರೆ ಜುಲೈನಲ್ಲಿ ಕಾಯಿ ಉದುರೋದು ನೋಡ್ತಾ ಕೂರಬೇಕು.

ನೀ ರಸಾಯನಶಾಸ್ತ್ರ ಓದೋಳು ಅಂದ್ಯಲ್ಲ. ಆ ಔಷಧಿ, ಬೋರ್ಡೋ ಮಿಶ್ರಣ, ನಿನ್ನ ಕೈಲೇ ಮಾಡಿಸಿಕೊಳ್ಳೋಕೆ ಅಪ್ಪನ ಹತ್ರ ಹೇಳು. ಶೇಕಡ 1ರ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲಿ 50–50 ಲೀಟರಲ್ಲಿ ಕರಗಿಸಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಮುಟ್ಟಿಸೋ ಹಾಗಿಲ್ಲ. ಹದ ಬಂತಾ ನೋಡೋಕೆ ಹೊಸ ಬ್ಲೇಡೋ, ತಿಕ್ಕಿದ ಕತ್ತಿಯೋ ಅದ್ದಿ ಒಂದೆರಡು ನಿಮಿಷ ಹಿಡೀಬೇಕು. ಕೆಂಪು ಹಿಡಿದ್ರೆ ಸುಣ್ಣ ಸಾಲದು ಅಂತ ಅರ್ಥ. ಹಂಗೇ ಹೊಡೆದ್ರೆ ಎಳೆ ಕಾಯಿ ಸುಡ್ತು. ಮಾಡಿದ ದಿನವೇ ಖಾಲಿ ಮಾಡಬೇಕು, ನಾಳೆಗೆ ಇಟ್ರೆ ಹಾಳು.

ಯಾಕೆ ಕೆಂಪು ಹಿಡೀತದೆ ಅಂತ ನಂಗೆ ಗೊತ್ತಿಲ್ಲ, ನಮ್ಮಪ್ಪ ಹೇಳಿದ್ದು ನಾ ಮಾಡ್ತೆ. ನೀ ತಿಳ್ಕೊಂಡು ಬಂದು ಇಲ್ಲಿ ಬರಿ. ಕೈಗವಸು, ಮಾಸ್ಕ್ ಹಾಕ್ಕ.


ಹಳದಿ_ಬೋರ್ಡು
ಏಪ್ರಿಲ್ 24, ಬೆಳಗ್ಗೆ 9:05

ಒಂದು ಪ್ರಯೋಜನದ ಮಾತು. 18 ತುಂಬಿದ್ರೆ ಹೋದ ಮೊದಲ ವಾರವೇ ಕಲಿಕಾ ಲೈಸೆನ್ಸ್ ತಗೊಳ್ಳಿ, ಆನ್‌ಲೈನಲ್ಲಿ ಆಗುತ್ತೆ. ಅದಾಗಿ 30 ದಿನ ಕಳೆದ ಮೇಲೇ ಪಕ್ಕಾ ಲೈಸೆನ್ಸಿಗೆ ಪರೀಕ್ಷೆ. ಏಳು ವಾರದಲ್ಲಿ ಎರಡೂ ಮುಗಿಯುತ್ತೆ, ತಡ ಮಾಡಿದ್ರೆ ಮುಂದಿನ ರಜೆಗೆ ಹೋಗುತ್ತೆ. ಮತದಾರರ ಪಟ್ಟಿಗೆ ನಮೂನೆ 6 ಕೂಡ ತುಂಬಿಬಿಡಿ. ಮತ್ತೆ ಊರಿಗೆ ಹೋಗೋಕೆ ಶಕ್ತಿ ಯೋಜನೆ ಇದೆ, ವೇಗದೂತ ಬಸ್ಸಾದ್ರೆ ಟಿಕೆಟ್ ದುಡ್ಡೂ ಉಳಿಯುತ್ತೆ, ಆಧಾರ್ ಮರೀಬೇಡಿ.


ಬೆಟ್ಟದ_ಹಾದಿ
ಏಪ್ರಿಲ್ 24, ರಾತ್ರಿ 10:30

ಇಷ್ಟು ಜನ ಇಷ್ಟು ಮನಸಿಟ್ಟು ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಎರಡು ಸಲ ಓದಿ ಅತ್ತೆ. ನಾಳಿದ್ದು ಕೊನೇ ಪೇಪರ್, ಅದೇ ರಾತ್ರಿ ಬಸ್ಸು.

6,500 ಕಟ್ಟಲ್ಲ. ರೂಮಿನವರಿಗೆ ಈ ಚರ್ಚೆ ತೋರಿಸಿದೆ. ಇಬ್ಬರು ಆಗಲೇ ಕಟ್ಟಿಬಿಟ್ಟಿದ್ರು, ಒಬ್ಬಳು ನಿಲ್ಲಿಸಿದಳು.

ತುಂಗೆಯ ತಡಿ ಅಕ್ಕ, ನೀವು ಹೇಳಿದ್ದು ನಿಜ. ನಮ್ಮನೇಲೂ ಹಾಗೇ ಆಗುತ್ತೆ ಅಂತ ನನಗೆ ಒಳಗೊಳಗೆ ಗೊತ್ತಿತ್ತು, ಅದನ್ನ ಪೋಸ್ಟಲ್ಲಿ ಬರೆಯೋಕೆ ನಾಚಿಕೆ ಆಯ್ತು. ಅಮ್ಮನಿಗೆ ಇವತ್ತೇ ಫೋನಲ್ಲಿ ಹೇಳಿದೆ, 6ರಿಂದ 9. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ಆರಕ್ಕೆ ಏಳ್ತ್ಯನೆ ನೀನು?" ಅಂದ್ರು.


ಬೆಟ್ಟದ_ಹಾದಿ
ಮೇ 18, ಸಂಜೆ 6:12

ನೆಟ್‌ವರ್ಕ್ ಸಿಗೋ ಜಾಗಕ್ಕೆ ಬಂದು ಬರೀತಿದೀನಿ. ಮೂರು ವಾರದ ವರದಿ.

ಹತ್ತು ಮರ ಆಯ್ತು. ಮುರುಗಲು, ಉಪ್ಪಾಗೆ, ಹಲಸು, ಎರಡು ಅಪ್ಪೆಮಾವು, ನೇರಳೆ, ದಾಲ್ಚಿನ್ನಿ, ರಾಮಪತ್ರೆ, ಮತ್ತಿ, ಇನ್ನೊಂದು ಹೆಸರು ಗೊತ್ತಿಲ್ಲದ್ದು. ಮುರುಗಲು ಈಗ ಕೆಂಪಗೆ ಉದುರ್ತಿದೆ, ಅಜ್ಜಿ ಅಂಗಳದಲ್ಲಿ ಸಿಪ್ಪೆ ಒಣಗಿಸ್ತಿದಾರೆ. ಉಪ್ಪಾಗೆ ಇನ್ನೂ ಹಸಿರು ಕಾಯಿ. ಎರಡೂ ಒಂದೇ ಗಾರ್ಸಿನಿಯಾ ಜಾತಿ ಅಂತ ತರಗತಿಯಲ್ಲಿ ಓದಿದ್ದೆ, ಮನೆ ಹಿಂದೆ ಅಕ್ಕಪಕ್ಕ ನಿಂತಿರೋದು ಇವೇ ಅಂತ ಹೊಳೆದೇ ಇರಲಿಲ್ಲ.

ಅಜ್ಜಿ ಮೊದಲ ಎರಡು ಭಾನುವಾರ "ಮರ ನೋಡೋಕೆ ಪುಸ್ತಕ ಯಾಕೆ" ಅಂದ್ರು. ಮೂರನೇ ಭಾನುವಾರ ನಾನು ಎದ್ದಾಗ ಕೋಲು ಹಿಡಿದು ಅಂಗಳದಲ್ಲಿ ಕಾಯ್ತಾ ಇದ್ರು. ಹೊಳೆಗೇರು ತೋರಿಸಿದ್ರು, ಹತ್ತು ಮಾರು ದೂರದಲ್ಲೇ ನನ್ನ ಕೈ ಹಿಡಿದು ನಿಲ್ಲಿಸಿ.

ಹರ್ಬೇರಿಯಂ ಮೊದಲ ಆರು ಹಾಳೆ ಬೂಸ್ಟು ಬಂದು ಹೋಯ್ತು. ಬಚ್ಚಲ ಒಲೆ ಪಕ್ಕದ ಗೂಡಿಗೆ ಬದಲಿಸಿದ ಮೇಲೆ ಸರಿ ಹೋಗಿದೆ. ಇಂಗ್ಲಿಷ್ ವಿಡಿಯೋ ದಿನಕ್ಕೆ ಒಂದು, ಅಷ್ಟೇ ಆಗ್ತಿರೋದು. ಎರಡು ಮದುವೆ ಆಯ್ತು, ಆರರಿಂದ ಒಂಬತ್ತು ಅವೆರಡು ದಿನ ಹೋಯ್ತು. ಉಳಿದ ದಿನ ಅಮ್ಮನೇ ಯಾರಾದ್ರೂ ಕರೆದ್ರೆ "ಅವಳು ಒಂಬತ್ತರ ಮೇಲೆ ಸಿಗ್ತಾಳೆ" ಅಂತಾರೆ.


ತುಂಗೆಯ_ತಡಿ
ಮೇ 18, ರಾತ್ರಿ 9:00

ಅಮ್ಮನ ಆ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳಿ.


ಬೆಟ್ಟದ_ಹಾದಿ
ಜೂನ್ 3, ರಾತ್ರಿ 8:25

ಕೊನೆಗೌಡ್ರ ಮನೆ ಅಣ್ಣನಿಗೆ ಉತ್ತರ ಕೊಡೋದಿತ್ತು.

ಮೊನ್ನೆ ಔಷಧಿ ಹೊಡೆಸಿದ್ವಿ. ಮಿಶ್ರಣ ನಾನೇ ಮಾಡಿದೆ, ಅಪ್ಪ ಪಕ್ಕದಲ್ಲಿ ಮಣೆ ಹಾಕ್ಕೊಂಡು ಕೂತಿದ್ರು. ಮೈಲುತುತ್ತ ಕರಗೋಕೆ ತುಂಬಾ ಹೊತ್ತು ಬೇಕು, ಗೋಣಿ ತುಂಡಲ್ಲಿ ಕಟ್ಟಿ ಹಿಂದಿನ ರಾತ್ರಿಯೇ ಇಳಿಬಿಟ್ಟಿದ್ವಿ. ಬೆಳಿಗ್ಗೆ ಡ್ರಮ್ಮು ನೀಲಿ. ಸುಣ್ಣದ ಹಾಲಿಗೆ ಹೊಯ್ತಾ ಹೋದ ಹಾಗೆ ಬಣ್ಣ ತಿಳಿಯಾಗಿ ಆಕಾಶದ ಹಾಗಾಯ್ತು. ಅಪ್ಪ ಜೇಬಿಂದ ಹೊಸ ಬ್ಲೇಡ್ ತೆಗೆದುಕೊಟ್ರು. ಅದ್ದಿ ಹಿಡಿದೆ. ಎತ್ತಿದಾಗ ಅಂಚಿನುದ್ದಕ್ಕೂ ತೆಳ್ಳಗೆ ಕೆಂಪು, ಹೊಸ ತಾಮ್ರದ ಚೊಂಬಿನ ಬಣ್ಣ. "ಸಾಲ, ಇನ್ನೊಂದು ಮುಷ್ಟಿ" ಅಂದ್ರು ಅಪ್ಪ. ಸುಣ್ಣದ ನೀರು ಇನ್ನೊಂದಿಷ್ಟು ಹಾಕಿ ಕಲಕಿ, ಬೇರೆ ಬ್ಲೇಡ್ ಅದ್ದಿದೆ. ಬೆಳ್ಳಗೇ ಬಂತು.

ಅಣ್ಣ, ಅದು ತಾಮ್ರವೇ. ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟ್. ಸುಣ್ಣ ಸಾಲದಿದ್ರೆ ನೀರಲ್ಲಿ ತಾಮ್ರ ಕರಗಿದ ರೂಪದಲ್ಲಿ ಉಳಿದಿರುತ್ತೆ. ಕಬ್ಬಿಣ ತಾಮ್ರಕ್ಕಿಂತ ಚುರುಕು, ಅದು ತಾನು ನೀರಿಗಿಳಿದು ತಾಮ್ರವನ್ನ ಹೊರಗೆ ತಳ್ಳುತ್ತೆ, ಆ ತಾಮ್ರ ಬ್ಲೇಡಿಗೆ ಅಂಟುತ್ತೆ. ಸುಣ್ಣ ಸಾಕಷ್ಟಿದ್ರೆ ತಾಮ್ರವೆಲ್ಲ ಕರಗದ ರೂಪಕ್ಕೆ ಹೋಗಿರುತ್ತೆ, ಬ್ಲೇಡಿಗೆ ಅಂಟೋಕೆ ಏನೂ ಉಳಿದಿರಲ್ಲ. ಕಬ್ಬಿಣದ ಪಾತ್ರೆ ಬೇಡ ಅನ್ನೋದೂ ಇದೇ ಕಾರಣಕ್ಕೆ. ಇದಕ್ಕೆ ಸ್ಥಾನಪಲ್ಲಟ ಕ್ರಿಯೆ ಅಂತಾರೆ. ಹತ್ತನೇ ತರಗತಿಯಲ್ಲಿ ಕನ್ನಡದಲ್ಲಿ ಓದಿದ್ದೆ, ಇಲ್ಲಿ ಇಂಗ್ಲಿಷಲ್ಲಿ ಮತ್ತೆ ಬಂದಾಗ ಅದೇ ಇದು ಅಂತ ಗೊತ್ತಾಗದೆ ಪರೀಕ್ಷೆಯಲ್ಲಿ ಬಿಟ್ಟು ಬಂದಿದ್ದೆ.

ಅಪ್ಪನಿಗೂ ಹೇಳಿದೆ. ಕೇಳಿ "ಅಪ್ಪಯ್ಯ ಕತ್ತಿ ಅದ್ದಿ ನೋಡ್ತಿದ್ದ, ನಾ ಬ್ಲೇಡ್ ಅದ್ದಿ ನೋಡ್ತೆ, ಇಷ್ಟು ದಿನ ಯಾರೂ ಹೇಳಿರಲಿಲ್ಲ" ಅಂದ್ರು. ಬ್ಲೇಡನ್ನ ಒರೆಸಿ ಮತ್ತೆ ಬೆಳಕಿಗೆ ಹಿಡಿದು ನೋಡಿದ್ರು.


ಕೊನೆಗೌಡ್ರ_ಮನೆ
ಜೂನ್ 4, ಬೆಳಗ್ಗೆ 6:02

ಓದಿದೆ ತಂಗಿ. ನಮ್ಮನೆ ಹುಡುಗನಿಗೂ ಓದಿ ಹೇಳಿದೆ. ಅವನು ಒಂಬತ್ತನೇ ಕ್ಲಾಸು. ಎರಡನೇ ಸುತ್ತಿಗೆ ಅವನ ಕೈಲೇ ಕಲಕಿಸ್ತೆ.


ಪ್ರಯೋಗಶಾಲೆ_ಮೂಲೆ
ಜೂನ್ 4, ಬೆಳಗ್ಗೆ 10:20

ನೀವು ನಿನ್ನೆ ಬರೆದ ಆ ಪ್ಯಾರಾಗ್ರಾಫ್ ಹಾಗೇ ಎತ್ತಿಟ್ಟುಕೊಳ್ಳಿ. ಅರ್ಜಿಯ ಪುಟಕ್ಕೆ ಬೇಕಾಗುತ್ತೆ. ಇಂಗ್ಲಿಷಿಗೆ ತರೋಕೆ ನಾನು ಜೊತೆಗೆ ಕೂರ್ತೀನಿ, ಅಕ್ಟೋಬರಲ್ಲಿ ನೆನಪು ಮಾಡಿ.


ಬೆಟ್ಟದ_ಹಾದಿ
ಜೂನ್ 11, ಸಂಜೆ 5:40

ಮಳೆ ಹಿಡಿದಿದೆ. ಲೈಸೆನ್ಸ್ ಪರೀಕ್ಷೆ ಪಾಸಾಯ್ತು. ಹರ್ಬೇರಿಯಂ ಇಪ್ಪತ್ತಕ್ಕೆ ಹದಿನೇಳು ಆಯ್ತು. 14ಕ್ಕೆ ಹೊರಡ್ತೀನಿ. ಭಾನುವಾರದ ಮರಗಳನ್ನ ಇನ್ನು ಮುಂದೆ ಅಜ್ಜಿ ನೋಡ್ತಾರಂತೆ, ನಾನು ಫೋನ್ ಮಾಡಿದಾಗ ಹೇಳ್ತಾರೆ, ನಾನು ಸಾಲು ತುಂಬಿಸ್ತೀನಿ.

ಮೇಷ್ಟ್ರೇ, ಹತ್ತನೇ ಮರದ್ದೊಂದು ಬಾಕಿ. ಅಜ್ಜಿ ಅದನ್ನ ಅರಿಶಿನ ಗುರಗಿ ಅಂತಾರೆ. ಎಲೆ ದಪ್ಪ, ಎದುರುಬದುರು, ತೊಟ್ಟು ಮುರಿದ್ರೆ ಹಳದಿ ಸೊನೆ ಬರುತ್ತೆ. ಪಕ್ಕದ ಮನೆಯವರು ಅಲ್ಲ, ಅದು ಜಾರಿಗೆ ಅಂತಾರೆ. ಇಬ್ಬರೂ ಬಿಡ್ತಿಲ್ಲ.


ನಿವೃತ್ತ_ಮೇಷ್ಟ್ರು
ಜೂನ್ 11, ರಾತ್ರಿ 7:15

ಎರಡೂ ಗಾರ್ಸಿನಿಯಾಗಳೇ, ಎರಡಕ್ಕೂ ಹಳದಿ ಸೊನೆ, ಅದಕ್ಕೇ ಜಗಳ. ಎಲೆ ಅಳತೆ ಮಾಡಮ್ಮ. ನಿನ್ನ ಗೇಣಿನೊಳಗೆ ಮುಗಿದರೆ ಅಜ್ಜಿಯ ಮಾತಿನ ಕಡೆ ವಾಲುತ್ತೇನೆ. ಗೇಣು ದಾಟಿ ಉದ್ದಕ್ಕಿದ್ದರೆ ಜಾರಿಗೆ ಇರಬೇಕು. ಹಳೆಯ ಕಾಯಿ ಬುಡದಲ್ಲಿ ಬಿದ್ದಿದೆಯೇ ಹುಡುಕು. ಸಣ್ಣ, ಗುಂಡನೆಯದೋ, ನಿಂಬೆಗಿಂತ ದೊಡ್ಡದಾಗಿ ತುದಿ ಚೂಪಾಗಿದೆಯೋ? ಎಲೆಯ ಹಿಂಬದಿಯ ಫೋಟೋ ಹಾಕು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು.


ಬೆಟ್ಟದ_ಹಾದಿ
ಜೂನ್ 11, ರಾತ್ರಿ 7:31

ಈಗ ಜೋರು ಮಳೆ, ಬೆಟ್ಟದ ದಾರೀಲಿ ನೀರು. ಬೆಳಿಗ್ಗೆ ಆರಕ್ಕೆ ಹೋಗ್ತೀನಿ. ಅಜ್ಜಿ ತಾವೂ ಬರ್ತಾರಂತೆ.